‘ಕಳಿಸಿಬಿಡು, ನಾನು ನೋಡ್ಕೋತೀನಿ’ ಎನ್ನುವ ಸಾಹೇಬರ ಕೈಕೆಳಗೆ

ಓದುಗರ ಪ್ರಶ್ನೆ (ಹೆಸರು ಮತ್ತು ಕಂಪನಿಯ ಗುರುತು ಬಿಟ್ಟಿದ್ದೇವೆ):

“ನಮ್ಮೂರು ಜಮಖಂಡಿ ಹತ್ತಿರ ರೀ. ಡಿಪ್ಲೊಮಾ ಮುಗಿಸಿ ಪುಣೆಗೆ ಬಂದೆ. ಚಾಕಣ್‌ದಾಗ ವಾಹನದ ಬಿಡಿಭಾಗ ಮಾಡೋ ಕಾರ್ಖಾನಿಯೊಳಗ ಕ್ವಾಲಿಟಿ ಇಂಜಿನಿಯರ್ ಆಗಿ 4 ವರ್ಷ 5 ತಿಂಗಳಾತು. ಎಂಟು ತಿಂಗಳ ಹಿಂದ ಹೊಸ ಪ್ಲಾಂಟ್ ಹೆಡ್ ಬಂದ್ರು. ಮುಂಜಾನಿ ಮೀಟಿಂಗ್‌ನಾಗ ಆಪರೇಟರ್‌ಗಳ ಎದುರೇ ಒದರಾಡ್ತಾರ. ರಾತ್ರಿ ಹನ್ನೊಂದಕ್ಕೂ ಫೋನ್ ಮಾಡ್ತಾರ. ಅದನ್ನ ಹೆಂಗೋ ತಡಕೊಂಡಿದ್ದೆ. ಹೋದ ತಿಂಗಳ ಕೊನೀಗೆ ಒಂದು ಶಾಫ್ಟ್ ಲಾಟ್‌ನಾಗ ವ್ಯಾಸ ಜಾಸ್ತಿ ಬಂದಿತ್ತು, ಹೊರಗ ಹೋಗಬಾರದು ಅಂತ ಹೋಲ್ಡ್ ಟ್ಯಾಗ್ ಹಾಕಿದ್ದೆ. ‘ಪಾಠವೂನ್ ದೇ, ಮೀ ಬಘತೋ’ ಅಂದ್ರು. ಕಳಿಸಿಬಿಡು, ನಾನು ನೋಡ್ಕೋತೀನಿ ಅಂತ. ಕಳಿಸಿದೆ. ಗ್ರಾಹಕರು ಲಾಟ್ ವಾಪಸ್ ಮಾಡಿದ್ರು. ಈಗ 8ಡಿ ರಿಪೋರ್ಟ್‌ನಾಗ (ದೋಷ ಯಾಕ ಆತು ಅಂತ ಗ್ರಾಹಕರಿಗೆ ಕೊಡೋ ಎಂಟು ಹಂತದ ವರದಿ) ಕಾರಣ ಅಂತ ನನ್ನ ಹೆಸರು ಐತಿ. ಎಚ್‌ಆರ್‌ನವರು ಬಾಯಿಮಾತಿಲೆ ಪಿಐಪಿ (ಗಡುವು ಕೊಟ್ಟು ಕೆಲಸ ಸುಧಾರಿಸ್ಕೋ ಅನ್ನೋ ಕ್ರಮ) ಅಂತಿದಾರ. ಕನ್ನಡದವ ಅಂತ ಹಿಂಗ ಮಾಡ್ತಾರೇನೋ ಅನಸ್ತದ. ಗೆಳೆಯ ಫೋನ್ ರೆಕಾರ್ಡ್ ಮಾಡು ಅಂತಾನ, ಮನಿಯವರು ರಾಜೀನಾಮೆ ಕೊಟ್ಟು ಊರಿಗೆ ಬಾ ಅಂತಾರ. ಮೋಶಿಯೊಳಗ ಮನಿ ಸಾಲದ ಕಂತು ನಡದದ. ಎಚ್‌ಆರ್‌ಗೆ ಬರೀಲ್ಯಾ? ಲೇಬರ್ ಆಫೀಸಿಗೆ ಹೋಗ್ಲ್ಯಾ? ಈ 8ಡಿ ಮುಂದಿನ ಕೆಲಸಕ್ಕ ಅಡ್ಡ ಬರ್ತದೇನು?”

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಹೆಣೆದುಕೊಂಡಿವೆ. ಸಾಹೇಬರ ಬಾಯಿ ಒಂದು, ಅವರ ಬಾಯಿಮಾತಿನ ಆದೇಶ ಇನ್ನೊಂದು. ನೋವು ಕೊಡುವುದು ಮೊದಲನೆಯದು, ಕೆಲಸಕ್ಕೆ ಕುತ್ತು ತರುವುದು ಎರಡನೆಯದು. ಬೈಗುಳವನ್ನು ಎಂಟು ತಿಂಗಳು ತಡೆದುಕೊಂಡಿರಿ, ಆದರೆ ಬರಹದಲ್ಲಿಲ್ಲದ ಒಂದೇ ಒಂದು ಆದೇಶ ನಿಮ್ಮನ್ನು ಈ ಸ್ಥಿತಿಗೆ ತಂದಿತು. ಪುಣೆ ಸುತ್ತಿನ ಕಾರ್ಖಾನೆಗಳಲ್ಲಿ ಕ್ವಾಲಿಟಿ ವಿಭಾಗದವರು ಕೆಲಸ ಕಳೆದುಕೊಳ್ಳುವ ಪ್ರಕರಣಗಳಲ್ಲಿ ಇದು ತೀರಾ ಸಾಮಾನ್ಯ. ಆದ್ದರಿಂದ ನನ್ನ ಉತ್ತರದ ಹೆಚ್ಚಿನ ಪಾಲು ಆದೇಶದ ಬಗ್ಗೆಯೇ ಇರುತ್ತದೆ.

ನಿಮ್ಮ ಪಾಲಿನದನ್ನೂ ನೇರವಾಗಿ ಹೇಳಿಬಿಡುತ್ತೇನೆ. ವ್ಯಾಸ ಮಿತಿ ಮೀರಿದೆ ಎಂದು ಗೊತ್ತಿದ್ದೂ ಟ್ಯಾಗ್ ತೆಗೆದಿರಿ. ಯಾರೇ ಹೇಳಿದ್ದರೂ ತೆಗೆದ ಕೈ ನಿಮ್ಮದು. ಇದನ್ನು ಅಲ್ಲಗಳೆಯಲು ಹೋದರೆ ಮುಂದಿನ ಮಾತಿಗೆಲ್ಲ ಬೆಲೆ ಹೋಗುತ್ತದೆ. ಒಪ್ಪಿಕೊಂಡರೆ ಉಳಿದದ್ದನ್ನು ಗಟ್ಟಿಯಾಗಿ ಹೇಳಬಹುದು.

ಮೊದಲು 8ಡಿ, ಅದೂ ಈ ವಾರದೊಳಗೆ

8ಡಿಯ ನಾಲ್ಕನೇ ಹಂತದಲ್ಲಿ ಎರಡು ಪ್ರಶ್ನೆಗಳಿಗೆ ಬೇರೆಬೇರೆಯಾಗಿ ಉತ್ತರ ಕೊಡಬೇಕು: ದೋಷ ಹುಟ್ಟಿದ್ದು ಏಕೆ, ಹುಟ್ಟಿದ ದೋಷ ಹೊರಗೆ ಹೋದದ್ದು ಏಕೆ. ಗ್ರೈಂಡಿಂಗ್ ಯಂತ್ರದಲ್ಲಿ ವ್ಯಾಸ ಜಾಸ್ತಿ ಬರಲು ವೀಲ್ ಡ್ರೆಸಿಂಗ್ (ಅರೆಯುವ ಚಕ್ರವನ್ನು ಹದಗೊಳಿಸುವುದು) ತಪ್ಪಿದ್ದೋ ಆಫ್‌ಸೆಟ್ (ಯಂತ್ರಕ್ಕೆ ಕೊಡುವ ಅಳತೆಯ ತಿದ್ದುಪಡಿ) ಕೊಡದೆ ಬಿಟ್ಟದ್ದೋ ಕಾರಣವಿರುತ್ತದೆ. ಅದು ಉತ್ಪಾದನಾ ವಿಭಾಗದ ಉತ್ತರ. ಹೊರಗೆ ಹೋದದ್ದು ಏಕೆ ಎಂಬ ಜಾಗದಲ್ಲಿ ‘ಇನ್‌ಸ್ಪೆಕ್ಷನ್ ವೈಫಲ್ಯ’ ಎಂದು ಬರೆದು ನಿಮ್ಮ ಹೆಸರು ಸೇರಿಸಿದ್ದರೆ ಅದು ವಾಸ್ತವಕ್ಕೆ ವಿರುದ್ಧ. ಇನ್‌ಸ್ಪೆಕ್ಷನ್‌ನಲ್ಲಿ ದೋಷ ಸಿಕ್ಕಿತ್ತು, ಟ್ಯಾಗ್ ಬಿದ್ದಿತ್ತು. ವಿಫಲವಾದದ್ದು ಹೋಲ್ಡ್ ಬಿಡಿಸುವ ಪದ್ಧತಿ. ಯಾರ ಸಹಿಯೂ ಇಲ್ಲದೆ ಹೋಲ್ಡ್ ಲಾಟ್ ಹೊರಬೀಳಬಹುದು ಎಂಬುದೇ ಮೂಲ ಕಾರಣ. ಇದೇ ಸರಿಯಾದ ಉತ್ತರ, ನಿಮ್ಮನ್ನು ಕಾಯುವ ಉತ್ತರವೂ ಇದೇ. ಅಲ್ಲದೆ, ‘ಮನುಷ್ಯನ ನಿರ್ಲಕ್ಷ್ಯ’ ಎಂಬ ಒಂದೇ ಸಾಲಿನ ಕಾರಣವನ್ನು ವಾಹನ ಕಂಪನಿಗಳ ಪೂರೈಕೆದಾರ ಗುಣಮಟ್ಟ ವಿಭಾಗದವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪದ್ಧತಿಯಲ್ಲಿ ಏನು ಬದಲಾಯಿತು ಎಂದು ಕೇಳಿ ಹಿಂದಕ್ಕೆ ಕಳಿಸುತ್ತಾರೆ.

8ಡಿ ತಂಡದ ಮುಖ್ಯಸ್ಥರಿಗೆ ಒಂದು ಮೇಲ್ ಬರೆಯಿರಿ, ಪ್ಲಾಂಟ್ ಹೆಡ್‌ಗೂ ಅದೇ ಮೇಲ್ ಹೋಗಲಿ. ಅದರಲ್ಲಿ ಇನ್‌ಸ್ಪೆಕ್ಷನ್ ರಿಪೋರ್ಟ್ ಸಂಖ್ಯೆ, ಹೋಲ್ಡ್ ಟ್ಯಾಗ್ ಹಾಕಿದ ದಿನ ಮತ್ತು ಹೊತ್ತು, ಅಳತೆ, ಟ್ಯಾಗ್ ತೆಗೆದ ಹೊತ್ತು ಮತ್ತು ಯಾರ ಸೂಚನೆಯ ಮೇರೆಗೆ ತೆಗೆದದ್ದು ಎಂಬುದಿರಲಿ. ‘ಲಿಖಿತ ಅನುಮತಿ ಇಲ್ಲದೆ ಟ್ಯಾಗ್ ತೆಗೆದದ್ದು ನನ್ನ ಕಡೆಯ ಲೋಪ’ ಎಂಬ ಸಾಲೂ ಇರಲಿ. ಕೊನೆಗೆ ಒಂದು ಪರಿಹಾರ ಸೂಚಿಸಿ: ಹೋಲ್ಡ್ ಬಿಡುಗಡೆಗೆ ಒಂದು ಪುಟದ ಫಾರಂ, ಅದರಲ್ಲಿ ಪ್ಲಾಂಟ್ ಹೆಡ್ ಸಹಿ, ಗ್ರಾಹಕರ ಅನುಮತಿ ಸಂಖ್ಯೆ, ಎರಡರಲ್ಲಿ ಒಂದಿಲ್ಲದಿದ್ದರೂ ಡಿಸ್ಪ್ಯಾಚ್‌ನವರು ಇನ್‌ವಾಯ್ಸ್ ತೆಗೆಯಬಾರದು. ‘ಸರ್ ಒತ್ತಡ ಹಾಕಿದರು’, ‘ಅವಮಾನ ಮಾಡಿದರು’ ಎಂಬ ಮಾತು ಈ ಮೇಲ್‌ನಲ್ಲಿ ಬೇಡ. ‘ಇಷ್ಟು ಹೊತ್ತಿಗೆ ಫೋನಿನಲ್ಲಿ ಸೂಚನೆ ಬಂತು’ ಎಂದಷ್ಟೇ ಬರೆಯಿರಿ. ಗ್ರಾಹಕರ ಕಂಪನಿಯವರಿಗೆ ಮಾತ್ರ ನೀವಾಗಿ ಬರೆಯಬೇಡಿ. ಅಲ್ಲಿ ಪರಿಚಯದವರಿದ್ದರೂ ಸರಿ, ಅದು ಗೌಪ್ಯತೆಯ ಉಲ್ಲಂಘನೆಯಾಗಿ ನಿಮ್ಮನ್ನೇ ಹೊರಹಾಕಲು ಕಾರಣ ಸಿಗುತ್ತದೆ.

ನಿಮ್ಮ ಕಂಪನಿ ವಾಹನ ತಯಾರಕರಿಗೆ ನೇರವಾಗಿ ಮಾಲು ಕೊಡುವುದಾದರೆ ಬಹುತೇಕ ವಾಹನ ಉದ್ಯಮದ ಗುಣಮಟ್ಟ ಮಾನದಂಡವಾದ ಐಎಟಿಎಫ್ 16949ರ ಪ್ರಮಾಣಪತ್ರ ಪಡೆದಿರುತ್ತದೆ. ಆ ಮಾನದಂಡದ ಮೂರು ಕಡೆ ನಿಮಗೆ ಆಸರೆ ಇದೆ. 5.3.2ರ ಪ್ರಕಾರ, ಉತ್ಪನ್ನ ನಿಯಮಕ್ಕೆ ತಕ್ಕಂತಿದೆಯೇ ಎಂದು ನೋಡುವ ಹೊಣೆ ಹೊತ್ತವರಿಗೆ ಉತ್ಪಾದನೆಯನ್ನೂ ರವಾನೆಯನ್ನೂ ನಿಲ್ಲಿಸುವ ಅಧಿಕಾರ ಇರಬೇಕು. 8.7.1.1ರ ಪ್ರಕಾರ, ಒಪ್ಪಿತ ಅಳತೆಗಿಂತ ಬೇರೆಯಾದದ್ದನ್ನು ಮುಂದಕ್ಕೆ ಕಳಿಸುವ ಮೊದಲು ಗ್ರಾಹಕರ ಅನುಮತಿ ಬೇಕು. 5.1.1.1ರ ಪ್ರಕಾರ, ನೀತಿ ತಪ್ಪಿದಾಗ ಮೇಲಿನವರಿಗೆ ತಿಳಿಸುವ ದಾರಿ ಕಂಪನಿಯಲ್ಲಿರಬೇಕು. ಲಾಟ್ ತಡೆದರೆ ಅದು ಸಾಹೇಬರಿಗೆ ಎದುರಾಡಿದಂತಲ್ಲ, ಕಂಪನಿ ತಾನೇ ಒಪ್ಪಿಕೊಂಡ ನಿಯಮವನ್ನು ನಡೆಸಿದಂತೆ. ಈ ಸಂಖ್ಯೆಗಳನ್ನು ಮೀಟಿಂಗಿನಲ್ಲಿ ಎತ್ತಿ ಹಿಡಿಯಬೇಡಿ, ಕ್ವಾಲಿಟಿ ಮ್ಯಾನ್ಯುಯಲ್‌ನಲ್ಲಿ ಎಲ್ಲಿವೆ ಎಂದು ತಿಳಿದಿಟ್ಟುಕೊಳ್ಳಿ.

ಸಾಹೇಬರು ಹೀಗೇಕೆ

ಚಾಕಣ್‌ನ ಬಿಡಿಭಾಗದ ಕಾರ್ಖಾನೆಗಳು ವಾಹನ ಕಂಪನಿಗಳಿಗೆ ದಿನಕ್ಕೆ ಹಲವು ಟ್ರಿಪ್ ಮಾಲು ಕಳಿಸುತ್ತವೆ. ಅತ್ತ ಕಡೆ ಕೆಲವೇ ಗಂಟೆಗಳ ದಾಸ್ತಾನು ಇರುತ್ತದೆ. ಒಂದು ಗಾಡಿ ತಪ್ಪಿ ಅಲ್ಲಿನ ಲೈನ್ ನಿಂತರೆ ನಷ್ಟದ ಹಣ ಮುರಿದುಕೊಳ್ಳುವ ಡೆಬಿಟ್ ನೋಟ್ ಬರುತ್ತದೆ, ಪ್ಲಾಂಟ್ ಹೆಡ್‌ಗೆ ಮೇಲಿನಿಂದ ಫೋನ್ ಬರುತ್ತದೆ. ತಿಂಗಳ ಕೊನೆಯಲ್ಲಿ ಮಾರಾಟದ ಗುರಿಯೂ ಇದಕ್ಕೆ ಸೇರುತ್ತದೆ. ಕೆಟ್ಟ ಮಾಲು ಹೋದರೆ ಬರುವ ದೂರು ಹತ್ತು ದಿನದ ನಂತರದ ಮಾತು, ಗಾಡಿ ತಪ್ಪಿದರೆ ಬರುವ ಬೈಗುಳ ಇಂದಿನದು. ಆ ಕುರ್ಚಿಯಲ್ಲಿ ಕುಳಿತವರು ಇಂದಿನದನ್ನು ತಪ್ಪಿಸಲು ಹತ್ತು ದಿನದ ನಂತರದ್ದನ್ನು ಬೇರೆಯವರ ತಲೆಗೆ ಕಟ್ಟುತ್ತಾರೆ. ಇದನ್ನು ಹೇಳುತ್ತಿರುವುದು ಅವರನ್ನು ಮನ್ನಿಸಲಿಕ್ಕಲ್ಲ. ಒತ್ತಡ ಎಲ್ಲಿಂದ ಬರುತ್ತದೆ ಎಂದು ಗೊತ್ತಾದರೆ ಅದು ಯಾವ ದಿನ, ಯಾವ ಹೊತ್ತಿಗೆ ನಿಮ್ಮ ಮೇಲೆ ಬೀಳುತ್ತದೆ ಎಂದು ಮೊದಲೇ ಅಂದಾಜು ಮಾಡಬಹುದು.

ಕಷ್ಟದ ಮ್ಯಾನೇಜರ್‌ಗಳೆಲ್ಲ ಒಂದೇ ಬಗೆಯವರಲ್ಲ. ಮೇಲಿನ ಒತ್ತಡವನ್ನು ಹಾಗೆಯೇ ಕೆಳಕ್ಕೆ ದಾಟಿಸುವವರು ಕೆಲವರು. ಇವರು ಎಲ್ಲರಿಗೂ ಬೈಯುತ್ತಾರೆ, 25ನೇ ತಾರೀಖು ದಾಟಿದ ಮೇಲೆ ಹೆಚ್ಚು ಬೈಯುತ್ತಾರೆ, ಅಂಕಿ-ಅಂಶ ಮುಂದಿಟ್ಟರೆ ಇಳಿಯುತ್ತಾರೆ. ಕೆಲಸದ ಆಳ ಗೊತ್ತಿಲ್ಲದೆ ಭಯದಿಂದ ಪ್ರತಿಯೊಂದಕ್ಕೂ ಮೂಗು ತೂರಿಸುವವರು ಕೆಲವರು. ರಾತ್ರಿ ಫೋನ್ ಹೆಚ್ಚಾಗಿ ಇಂಥವರದೇ. ಒಬ್ಬರನ್ನು ಹೊರಗೆ ಕಳಿಸಲು ತೀರ್ಮಾನಿಸಿಯೇ ನಡೆದುಕೊಳ್ಳುವವರು ಬೇರೆ. ಅವರ ಗುರುತು ಬೈಗುಳವಲ್ಲ, ಮೌನ. ಮೀಟಿಂಗಿಗೆ ಕರೆಯುವುದು ನಿಲ್ಲುತ್ತದೆ, ಮೇಲ್‌ಗಳಿಂದ ಹೆಸರು ಬಿಟ್ಟುಹೋಗುತ್ತದೆ, ನಿಮ್ಮ ಕೆಲಸ ಕಿರಿಯರೊಬ್ಬರಿಗೆ ಸದ್ದಿಲ್ಲದೆ ಹೋಗುತ್ತದೆ. ಮೊದಲ ಎರಡು ಬಗೆಯವರೊಡನೆ ಏಗಬಹುದು. ಮೂರನೆಯದಾದರೆ ಸಮಯ ಕೊಂಡುಕೊಂಡು ಬೇರೆ ಕೆಲಸ ನೋಡುವುದೇ ಸರಿ. ನಿಮ್ಮ ಪತ್ರ ಓದಿದರೆ ಇವರು ಮೊದಲ ಬಗೆಯವರಂತೆ ಕಾಣುತ್ತಾರೆ, ಪಿಐಪಿ ಮಾತು ಬಂದಿರುವುದರಿಂದ ಮೂರನೆಯದಕ್ಕೆ ಹೊರಳುವ ಅಪಾಯವೂ ಇದೆ. ನಾಲ್ಕು ವಾರ ದಿನಚರಿ ಬರೆದರೆ ಸ್ಪಷ್ಟವಾಗುತ್ತದೆ.

‘ಕನ್ನಡದವ ಅಂತ’ ಎಂಬ ಅನುಮಾನವನ್ನೂ ಅದೇ ದಿನಚರಿ ಬಗೆಹರಿಸುತ್ತದೆ. ಚಾಕಣ್‌ನ ಶಾಪ್‌ಫ್ಲೋರ್‌ನಲ್ಲಿ ಬೈಗುಳ ಮರಾಠಿಯಲ್ಲಿರುವುದು ಸಹಜ. ನೋಡಬೇಕಾದದ್ದು, ಸಾತಾರಾ, ಲಾತೂರ್ ಕಡೆಯ ಕ್ವಾಲಿಟಿಯವರಿಗೂ ಅಷ್ಟೇ ಬೀಳುತ್ತದೆಯೇ ಎಂಬುದನ್ನು. ಬೀಳುತ್ತಿದ್ದರೆ ಭಾಷೆಯ ಆರೋಪವನ್ನು ಎಲ್ಲಿಯೂ ಎತ್ತಬೇಡಿ. ಎತ್ತಿದ ಕೂಡಲೇ ಹೋಲ್ಡ್ ಲಾಟ್‌ನ ವಿಷಯ ಬದಿಗೆ ಸರಿದು ಗಡಿ ಜಗಳದ ಮಾತಾಗುತ್ತದೆ. ನಿಮ್ಮೊಬ್ಬರಿಗೇ ಊರು, ಭಾಷೆ ಹಿಡಿದು ಮಾತು ಬರುತ್ತಿದ್ದರೆ ಆ ಮಾತನ್ನು ಆಡಿದ ಭಾಷೆಯಲ್ಲೇ, ಆಡಿದಂತೆಯೇ, ಕೇಳಿದವರ ಹೆಸರಿನೊಂದಿಗೆ ಬರೆದಿಡಿ.

ದಿನಚರಿ ಬರೆಯುವ ಬಗೆ

ಸಾದಾ ನೋಟ್‌ಬುಕ್ ಸಾಕು, ಮನೆಯಲ್ಲಿರಲಿ, ಅದೇ ದಿನ ರಾತ್ರಿ ಬರೆಯಿರಿ. ತಾರೀಖು, ಹೊತ್ತು, ಪಾರ್ಟ್ ಮತ್ತು ಲಾಟ್ ಸಂಖ್ಯೆ, ಹೇಳಿದ ಮಾತು ಅವರದೇ ಶಬ್ದದಲ್ಲಿ, ಯಾರಿದ್ದರು, ನೀವೇನು ಮಾಡಿದಿರಿ. ‘ಕ್ರೂರವಾಗಿ’, ‘ಬೇಕಂತಲೇ’ ಎಂಬ ವಿಶೇಷಣಗಳು ಬೇಡ. ಡ್ರಾಯಿಂಗ್, ರಿಪೋರ್ಟ್, ಮೇಲ್‌ಗಳನ್ನು ನಿಮ್ಮ ಖಾಸಗಿ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಬಹಳ ಜನ ಎಡವುವುದು ಇಲ್ಲೇ. ಐಟಿ ವಿಭಾಗಕ್ಕೆ ಅದು ಕಾಣುತ್ತದೆ; ಮ್ಯಾನೇಜರ್ ತಪ್ಪಿನ ವಿಚಾರಣೆ ನಡೆಯಬೇಕಾದ ಕಡೆ ಕಂಪನಿಯ ದತ್ತಾಂಶ ಕದ್ದ ನಿಮ್ಮ ವಿಚಾರಣೆ ನಡೆಯುತ್ತದೆ. ದಾಖಲೆಯ ಸಂಖ್ಯೆ ನೋಟ್‌ಬುಕ್‌ನಲ್ಲಿದ್ದರೆ ಬೇಕಾದಾಗ ಕಂಪನಿಯಿಂದಲೇ ಕೇಳಿ ಪಡೆಯಬಹುದು. ನಿಮ್ಮದೇ ಆದ ನೇಮಕಾತಿ ಪತ್ರ, ಇನ್‌ಕ್ರಿಮೆಂಟ್ ಪತ್ರ, ಸಂಬಳ ಚೀಟಿಗಳನ್ನು ಮಾತ್ರ ಈಗಲೇ ಮನೆಯಲ್ಲಿ ಇಟ್ಟುಕೊಳ್ಳಿ.

ಫೋನ್ ರೆಕಾರ್ಡ್ ಮಾಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಎಷ್ಟೋ ಕಾರ್ಖಾನೆಗಳಲ್ಲಿ ಶಾಪ್‌ಫ್ಲೋರ್‌ನಲ್ಲಿ ಕ್ಯಾಮೆರಾ, ರೆಕಾರ್ಡಿಂಗ್ ನಿಷೇಧ. ರೆಕಾರ್ಡ್ ಇದೆ ಎಂದು ತಿಳಿದ ದಿನ ಮ್ಯಾನೇಜರ್ ಜತೆಗೆ ಇಡೀ ಪ್ಲಾಂಟ್ ನಿಮ್ಮೊಡನೆ ಮಾತು ನಿಲ್ಲಿಸುತ್ತದೆ. ಬರಹದ ದಾರಿ ಇರುವಾಗ ಇದರ ಅಗತ್ಯವಿಲ್ಲ.

ಬಾಯಿಮಾತನ್ನು ಬರಹಕ್ಕೆ ತರುವುದು

ಇದು ಕಲಿಯಬೇಕಾದ ಮುಖ್ಯ ಕೆಲಸ. ಬಹಳ ಜನ ಮಾಡುವ ತಪ್ಪು ‘ನಿಮ್ಮ ಸೂಚನೆಯಂತೆ ಲಾಟ್ ಕಳಿಸುತ್ತಿದ್ದೇನೆ’ ಎಂದು ಮೇಲ್ ಹಾಕುವುದು. ಅದು ನಿಮ್ಮನ್ನು ಉಳಿಸುವುದಿಲ್ಲ. ದೋಷ ಗೊತ್ತಿತ್ತು, ಆದರೂ ಕಳಿಸಿದಿರಿ ಎಂಬುದಕ್ಕೆ ನೀವೇ ಕೊಟ್ಟ ಪುರಾವೆಯಾಗುತ್ತದೆ. ಇನ್ನೊಂದು ತಪ್ಪು, ಮೊದಲ ಮೇಲ್‌ನಲ್ಲೇ ಕಾರ್ಪೊರೇಟ್‌ನ ಐದಾರು ಜನರನ್ನು ಸಿಸಿಯಲ್ಲಿ ಇಡುವುದು. ಸಾಹೇಬರು ಅದನ್ನು ಯುದ್ಧವೆಂದೇ ಓದುತ್ತಾರೆ, ಮಾಲಿನ ವಿಷಯ ಓದುವುದೇ ಇಲ್ಲ.

ಸರಿಯಾದ ಮೇಲ್‌ನಲ್ಲಿ ಆಯ್ಕೆಗಳಿರುತ್ತವೆ. ಉದಾಹರಣೆಗೆ ಹೀಗೆ ಬರೆಯಬಹುದು: ‘1,200 ಶಾಫ್ಟ್‌ಗಳ ಲಾಟ್. ಇರಬೇಕಾದ ವ್ಯಾಸ 24.980ರಿಂದ 25.000 ಮಿ.ಮೀ. 50 ತುಣುಕು ಅಳೆದಾಗ 7ರಲ್ಲಿ 25.008ರಿಂದ 25.012 ಬಂದಿದೆ. ಲಾಟ್ ಹೋಲ್ಡ್‌ನಲ್ಲಿದೆ. ಒಂದು, ಸ್ನ್ಯಾಪ್ ಗೇಜ್‌ನಿಂದ ಎಲ್ಲವನ್ನೂ ಬೇರ್ಪಡಿಸುವುದು. ತುಣುಕಿಗೆ 12 ಸೆಕೆಂಡ್‌ನಂತೆ ಒಬ್ಬರಿಗೆ 4 ಗಂಟೆ, ಇಬ್ಬರಾದರೆ 2 ಗಂಟೆ. ಸರಿಯಿದ್ದವು ಸಂಜೆಯ ಗಾಡಿಗೆ ಹೋಗುತ್ತವೆ, ಜಾಸ್ತಿ ಇದ್ದವು ಮರು ಗ್ರೈಂಡಿಂಗ್‌ಗೆ. ಎರಡು, ಗ್ರಾಹಕರಿಂದ ಡೀವಿಯೇಷನ್ (ಅಳತೆ ತಪ್ಪಿದ್ದನ್ನೂ ಸ್ವೀಕರಿಸುವ) ಅನುಮತಿ ಕೇಳುವುದು, ಕೋರಿಕೆ ಸಿದ್ಧವಿದೆ. ಯಾವುದು ಮಾಡಲಿ ಎಂದು ಮಧ್ಯಾಹ್ನ 2 ಗಂಟೆಯೊಳಗೆ ತಿಳಿಸಬೇಕು. ಅಲ್ಲಿಯವರೆಗೆ ಲಾಟ್ ಹೋಲ್ಡ್‌ನಲ್ಲೇ ಇರುತ್ತದೆ.’

ಕೊನೆಯ ಸಾಲೇ ಮೇಲ್‌ನ ಜೀವ. ಉತ್ತರ ಬಾರದಿದ್ದರೆ ಮೌನ ಸಮ್ಮತಿಯೆಂದು ಯಾರೂ ಓದಬಾರದು. ಇಲ್ಲಿ ನೀವು ‘ಆಗುವುದಿಲ್ಲ’ ಎಂದು ಹೇಳಿಲ್ಲ, ಗಾಡಿ ಹೋಗುವ ದಾರಿಯನ್ನೇ ತೋರಿಸಿದ್ದೀರಿ. ಒತ್ತಡ ದಾಟಿಸುವ ಮ್ಯಾನೇಜರ್‌ಗೆ ಬೇಕಾದದ್ದೂ ಅದೇ, ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬ ಉತ್ತರ. ಅವರು ಮತ್ತೆ ಫೋನಿನಲ್ಲೇ ‘ಕಳಿಸು’ ಎಂದರೆ, ‘ಆಗಲಿ ಸರ್, ಬಿಡುಗಡೆ ಫಾರಂ ತರ್ತೀನಿ, ಸಹಿ ಮಾಡಿ’ ಎಂದು ಕಾಗದ ಹಿಡಿದು ಕ್ಯಾಬಿನ್‌ಗೆ ಹೋಗಿ. ಮೇಲ್‌ನಲ್ಲಿ ಬೇರ್ಪಡಿಸಲು ಒಪ್ಪದ ಎಷ್ಟೋ ಜನ ಪೆನ್ನು ಕೈಗೆ ಬಂದಾಗ ಒಪ್ಪುತ್ತಾರೆ. ಸಹಿ ಮಾಡದೆ ಬೇರೆಯವರಿಂದ ಕಳಿಸಿದರೆ, ‘ನನ್ನ ಬಿಡುಗಡೆ ಇಲ್ಲದೆ ಲಾಟ್ ಹೋಗಿದೆ’ ಎಂದು ಅದೇ ಗಂಟೆಯಲ್ಲಿ ಒಂದು ಸಾಲು ಬರೆಯಿರಿ. ಈ ಸಾಲು ಕಾರ್ಪೊರೇಟ್ ಕ್ವಾಲಿಟಿ ಮುಖ್ಯಸ್ಥರಿಗೂ ಹೋಗಬೇಕು.

ಒಂದು ಕಡೆ ಮಾತ್ರ ಯಾವ ಆಯ್ಕೆಯೂ ಇಲ್ಲ. ಬ್ರೇಕ್, ಸ್ಟಿಯರಿಂಗ್‌ನಂಥ ಸುರಕ್ಷತೆಯ ಭಾಗವಾಗಿದ್ದು, ಅಳತೆಯನ್ನೇ ತಿದ್ದಿ ರಿಪೋರ್ಟ್ ಬರೆ ಎಂದರೆ ಬರೆಯಬೇಡಿ, ಆ ದಿನವೇ ಮೇಲಕ್ಕೆ ತಿಳಿಸಿ. ಆ ವಾಹನದಲ್ಲಿ ಕೂರುವ ಜನಕ್ಕೆ ನಿಮ್ಮ ಸಹಿಯ ಹೊರತು ಬೇರೆ ರಕ್ಷಣೆ ಇರುವುದಿಲ್ಲ. ಮನೆ ಸಾಲದ ಕಂತಿನ ಲೆಕ್ಕ ಇಲ್ಲಿ ಬರಬಾರದು. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು ಮತ್ತು ಬ್ಯಾಂಕುಗಳಿಂದ 50 ಕೋಟಿ ರೂಪಾಯಿಗಿಂತ ಹೆಚ್ಚು ಸಾಲ ಪಡೆದ ಕಂಪನಿಗಳು 2013ರ ಕಂಪನಿ ಕಾಯ್ದೆಯ 177ನೇ ಕಲಮಿನಂತೆ ಇಂಥ ದೂರಿಗೆ ಪ್ರತ್ಯೇಕ ವ್ಯವಸ್ಥೆ ಇಟ್ಟಿರಬೇಕು. ಅದರ ವಿಳಾಸ ಕಂಪನಿಯ ಜಾಲತಾಣದಲ್ಲೋ ನೋಟಿಸ್ ಬೋರ್ಡ್‌ನಲ್ಲೋ ಇರುತ್ತದೆ.

ಬೈಗುಳದ ಬಗ್ಗೆ

ಬೈಯುತ್ತಿರುವ ಹೊತ್ತಿನಲ್ಲಿ ವಾದ ಬೇಡ, ಸಮಜಾಯಿಷಿಯೂ ಬೇಡ. ಪ್ರಶ್ನೆಯಲ್ಲಿ ಅಂಕಿ ಇದ್ದರೆ ಅಂಕಿ ಹೇಳಿ. ಗೊತ್ತಿಲ್ಲದಿದ್ದರೆ ‘ನಾಲ್ಕು ಗಂಟೆಗೆ ಹೇಳ್ತೀನಿ’ ಎಂದು ಹೇಳಿ ನಾಲ್ಕಕ್ಕೆ ಹೇಳಿಯೇಬಿಡಿ. ಮೀಟಿಂಗಿಗೆ ಹದಿನೈದು ನಿಮಿಷ ಮೊದಲು ಹಿಂದಿನ ದಿನದ ರಿಜೆಕ್ಷನ್, ಹೋಲ್ಡ್‌ನಲ್ಲಿರುವ ಲಾಟ್‌ಗಳು, ಯಾವ ಹೊತ್ತಿಗೆ ಬಿಡುಗಡೆ ಎಂಬ ಮೂರು ಸಾಲನ್ನು ವಾಟ್ಸ್ಯಾಪ್‌ನಲ್ಲಿ ಕಳಿಸುವ ಅಭ್ಯಾಸ ಮಾಡಿ. ಎಲ್ಲರೆದುರು ಹೊಸ ಸುದ್ದಿ ಕೇಳಿ ಸಿಡಿಯುವವರಿಗೆ ಇದರಿಂದ ಸಿಡಿಯಲು ವಿಷಯ ಕಡಿಮೆಯಾಗುತ್ತದೆ.

ನಂತರ ಒಮ್ಮೆ ಒಬ್ಬರೇ ಹೋಗಿ ಮಾತಾಡಿ. ತಿಂಗಳ ಮೊದಲ ವಾರ, ಮಧ್ಯಾಹ್ನ ಮೂರರ ನಂತರ. ‘ನನಗೆ ಅವಮಾನವಾಯಿತು’ ಎಂದು ಶುರು ಮಾಡಿದರೆ ‘ಇಷ್ಟಕ್ಕೆಲ್ಲ ಬೇಜಾರಾದರೆ ಫ್ಯಾಕ್ಟರಿಯಲ್ಲಿ ಹೇಗೆ’ ಎಂಬ ಉತ್ತರ ಸಿದ್ಧವಿರುತ್ತದೆ. ಕೆಲಸಕ್ಕೆ ಬರುವ ತೊಡಕನ್ನು ಹೇಳಿ: ಆಪರೇಟರ್‌ಗಳ ಎದುರು ನನ್ನನ್ನು ಬೈದರೆ ಮರುದಿನ ಅವರು ನನ್ನ ಹೋಲ್ಡ್ ಟ್ಯಾಗ್‌ಗೆ ಮರ್ಯಾದೆ ಕೊಡುವುದಿಲ್ಲ, ನನ್ನ ತಪ್ಪಿದ್ದರೆ ಕ್ಯಾಬಿನ್‌ನಲ್ಲಿ ಕೇಳಿ. ಮರಾಠಿಯಲ್ಲೇ ಹೇಳಲು ಬಂದರೆ ಒಳ್ಳೆಯದು. ರಾತ್ರಿ ಫೋನಿನ ಬಗ್ಗೆಯೂ ಆಗಲೇ ಒಂದು ವ್ಯವಸ್ಥೆ ಸೂಚಿಸಿ: ಮೊದಲ ಕರೆ ಶಿಫ್ಟ್ ಇನ್‌ಚಾರ್ಜ್‌ಗೆ, ಗ್ರಾಹಕರ ಲೈನ್ ನಿಲ್ಲುವ ಸ್ಥಿತಿ ಇದ್ದರೆ ಮಾತ್ರ ನಿಮಗೆ. ಒಂದು ಮಾತಿಗೇ ಎಲ್ಲ ಬದಲಾಗುವುದಿಲ್ಲ. ಬೈಗುಳ ಪೂರ್ತಿ ನಿಲ್ಲಬೇಕೆಂದು ಕಾಯಬೇಡಿ, ಕಡಿಮೆಯಾಯಿತೇ ಎಂದು ದಿನಚರಿಯಲ್ಲಿ ನೋಡಿ.

ಎಚ್‌ಆರ್, ಪಿಐಪಿ

ಎಚ್‌ಆರ್ ಎಂದರೆ ನೌಕರರ ವಕೀಲರು ಎಂಬ ನಂಬಿಕೆ ತಪ್ಪು. ಎಚ್‌ಆರ್ ಮ್ಯಾನೇಜ್‌ಮೆಂಟಿನ ಏಜೆಂಟರು, ಹೋಗಿ ಪ್ರಯೋಜನವಿಲ್ಲ ಎಂಬುದೂ ಅಷ್ಟೇ ತಪ್ಪು. ಅವರು ನೋಡುವುದು ಕಂಪನಿಗೆ ಎಲ್ಲಿ ತೊಂದರೆ ಬರಬಹುದು ಎಂಬುದನ್ನು. ಬಹಳ ಕಡೆ ಪ್ಲಾಂಟ್ ಎಚ್‌ಆರ್‌ನವರ ದೈನಂದಿನ ವರದಿ ಪ್ಲಾಂಟ್ ಹೆಡ್‌ಗೇ ಹೋಗುತ್ತದೆ. ಅವರ ಬಗ್ಗೆ ಅವರ ಕೈಕೆಳಗಿನವರಿಗೆ ದೂರು ಕೊಟ್ಟರೆ ಸಂಜೆಗೆ ಅದು ಅವರ ಮೇಜಿನ ಮೇಲಿರುತ್ತದೆ. ಅದಕ್ಕೇ ಮೊದಲು ಹೋಗಬೇಕಾದದ್ದು ಕಾರ್ಪೊರೇಟ್ ಕ್ವಾಲಿಟಿ ಮುಖ್ಯಸ್ಥರ ಬಳಿ, ವ್ಯಕ್ತಿಯ ದೂರು ಹಿಡಿದಲ್ಲ, ‘ಹೋಲ್ಡ್ ಬಿಡುಗಡೆಗೆ ಪದ್ಧತಿ ಬೇಕು’ ಎಂಬ ಪ್ರಸ್ತಾವ ಹಿಡಿದು. ಎಚ್‌ಆರ್ ಬಳಿ ಹೋಗುವುದು ಪಿಐಪಿ ವಿಷಯಕ್ಕೆ. ಮ್ಯಾನೇಜರ್ ನಡವಳಿಕೆಯಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳದ ಅಂಶವಿದ್ದರೆ ಮಾತ್ರ ದಾರಿ ಬೇರೆ: ಹತ್ತು ಮತ್ತು ಹೆಚ್ಚು ಜನರಿರುವ ಕಡೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು, ಮೂರು ತಿಂಗಳೊಳಗೆ ದೂರು ಕೊಡಬೇಕು. ಈ ಪುಟ ಓದುವ ಹೆಣ್ಣುಮಕ್ಕಳಿಗಾಗಿ ಹೇಳಿದೆ.

ಬಾಯಿಮಾತಿನ ಪಿಐಪಿ ಎಂದರೆ ಇನ್ನೂ ಪಿಐಪಿ ಅಲ್ಲ. ‘ಲಿಖಿತವಾಗಿ ಕೊಡಿ, ನಾನು ತಯಾರಿದ್ದೇನೆ’ ಎಂದು ಕೇಳಿ. ಕೊಟ್ಟಾಗ ‘ಸ್ವೀಕರಿಸಿದ್ದೇನೆ, ನನ್ನ ಅಭಿಪ್ರಾಯ ಪ್ರತ್ಯೇಕವಾಗಿ ಕಳಿಸುತ್ತೇನೆ’ ಎಂದು ಬರೆದು ಸಹಿ ಮಾಡಿ, ಎರಡು ಮೂರು ದಿನದೊಳಗೆ ಕಳಿಸಿ. ಗುರಿಗಳು ನಿಮ್ಮ ಕೈಯಲ್ಲಿರುವವೇ ಎಂದು ಒಂದೊಂದಾಗಿ ನೋಡಿ. ‘ಗ್ರಾಹಕರ ದೂರು ಸೊನ್ನೆ’ ಎಂಬುದು ಗ್ರೈಂಡಿಂಗ್ ವಿಭಾಗ, ಡಿಸ್ಪ್ಯಾಚ್, ಸಾಹೇಬರ ಫೋನು ಎಲ್ಲವನ್ನೂ ಅವಲಂಬಿಸಿದೆ. ಅದರ ಬದಲು ‘ಹೋಲ್ಡ್ ಆದ ಲಾಟ್‌ನ ವರದಿ 30 ನಿಮಿಷದೊಳಗೆ’, ‘ಗೇಜ್ ಕ್ಯಾಲಿಬ್ರೇಷನ್ ತಪ್ಪದೆ’ ಎಂಬಂಥ ಅಳೆಯಬಹುದಾದ ಗುರಿ ಕೇಳಿ. ವಾರಕ್ಕೊಮ್ಮೆ ಪರಿಶೀಲನೆ, ಅದರ ಟಿಪ್ಪಣಿ ಮೇಲ್‌ನಲ್ಲಿ ಬರಲಿ ಎಂದೂ ಕೇಳಿ. ಪಿಐಪಿ ದಾಟಿ ಉಳಿದವರಿದ್ದಾರೆ, ಆದರೂ ಕೆಲವು ಕಂಪನಿಗಳಲ್ಲಿ ಅದು ಹೊರಗೆ ಕಳಿಸುವ ಮುನ್ನಿನ ಕಾಗದಪತ್ರ ಮಾತ್ರ. ಆದ್ದರಿಂದ ಅದು ಕೈಗೆ ಬಂದ ದಿನವೇ ಬೇರೆ ಕೆಲಸದ ಹುಡುಕಾಟವೂ ಶುರುವಾಗಲಿ.

ಕೋಣೆಗೆ ಕರೆದು ‘ಈಗಲೇ ರಾಜೀನಾಮೆ ಬರೆದುಕೊಡಿ, ರೆಕಾರ್ಡ್ ಚೆನ್ನಾಗಿರುತ್ತದೆ’ ಎಂದರೆ ಬರೆಯಬೇಡಿ. ‘ಮನೆಯಲ್ಲಿ ಮಾತಾಡಿ ನಾಳೆ ಹೇಳುತ್ತೇನೆ’ ಎಂದು ಎದ್ದು ಬನ್ನಿ. ರಾಜೀನಾಮೆ ಸ್ವಇಚ್ಛೆಯಿಂದ ಕೊಟ್ಟದ್ದೆಂದೇ ದಾಖಲಾಗುತ್ತದೆ, ಆಮೇಲೆ ಬಲವಂತವೆಂದು ಸಾಧಿಸುವುದು ಬಹಳ ಕಷ್ಟ. ಖಾಲಿ ಹಾಳೆ, ತಾರೀಖಿಲ್ಲದ ಪತ್ರಕ್ಕೆ ಯಾವ ಕಾರಣಕ್ಕೂ ಸಹಿ ಬೇಡ.

ಲೇಬರ್ ಆಫೀಸು

ಮ್ಯಾನೇಜರ್ ಬೈಯುತ್ತಾರೆ ಎಂಬುದಕ್ಕೆ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಕೈ ಮಾಡಿದರೆ, ಪರಿಶಿಷ್ಟ ಜಾತಿ-ಪಂಗಡದವರನ್ನು ಜಾತಿ ಎತ್ತಿ ಬೈದರೆ ಅದು ಪೊಲೀಸ್ ಠಾಣೆಯ ವಿಷಯ. ಬರೀ ಬೈಗುಳ ಹಿಡಿದು ಲೇಬರ್ ಆಫೀಸಿಗೆ ಹೋದರೆ ಬರಿಗೈಯಲ್ಲಿ ಬರುತ್ತೀರಿ.

ಕೆಲಸದಿಂದ ತೆಗೆದರೆ, ಬಾಕಿ ಹಣ ತಡೆದರೆ ಮಾತು ಬೇರೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ‘ಇಂಜಿನಿಯರ್ ಆದ ಮೇಲೆ ಕಾರ್ಮಿಕ ಕಾನೂನು ಅನ್ವಯಿಸುವುದಿಲ್ಲ’ ಎಂದು ಎಲ್ಲರೂ ಹೇಳುತ್ತಾರೆ, ಅದು ಪೂರ್ತಿ ನಿಜವಲ್ಲ. ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ತಾಂತ್ರಿಕ ಕೆಲಸ ಮಾಡುವವರೂ ಕಾರ್ಮಿಕರೇ. ಹೊರಗುಳಿಯುವವರು ಮುಖ್ಯವಾಗಿ ಆಡಳಿತ ನಡೆಸುವವರು ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು. ನಿಮ್ಮ ಹುದ್ದೆಯ ಹೆಸರಿಗಿಂತ ನೀವು ದಿನವಿಡೀ ಮಾಡುವ ಕೆಲಸ ಮುಖ್ಯ: ಸ್ವತಃ ಅಳೆದು ರಿಪೋರ್ಟ್ ಬರೆಯುತ್ತೀರೋ, ಜನರಿಂದ ಕೆಲಸ ಮಾಡಿಸಿ ರಜೆ ಮಂಜೂರು ಮಾಡುತ್ತೀರೋ. ಕಾರ್ಮಿಕರ ವ್ಯಾಖ್ಯೆಗೆ ಬರುವಿರಾದರೆ, 20 ಮತ್ತು ಹೆಚ್ಚು ಕಾರ್ಮಿಕರಿರುವ ಕಡೆ ಇರಲೇಬೇಕಾದ ಕುಂದುಕೊರತೆ ಸಮಿತಿಗೆ ಒಂದು ವರ್ಷದೊಳಗೆ ಅರ್ಜಿ ಕೊಡಬಹುದು. ತೆಗೆದುಹಾಕಿದ ಪತ್ರ ಕೈಗೆ ಬಂದರೆ ಮಾತ್ರ ಪಿಂಪ್ರಿ-ಚಿಂಚವಾಡ ಕಡೆ ಕಾರ್ಮಿಕ ಪ್ರಕರಣ ನಡೆಸುವ ವಕೀಲರನ್ನು ಕೂಡಲೇ ಕಾಣಿ. ಕೋರ್ಟಿನ ದಾರಿಗೆ ವರ್ಷಗಳು ಹಿಡಿಯುತ್ತವೆ ಎಂಬುದೂ ಲೆಕ್ಕದಲ್ಲಿರಲಿ.

ಬಿಡುವುದಾದರೆ ಯಾವಾಗ

ಐದು ವರ್ಷಕ್ಕೆ ಏಳು ತಿಂಗಳಿದೆ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಐದು ವರ್ಷದ ನಿರಂತರ ಸೇವೆ ಬೇಕು. ಲೆಕ್ಕ ಸರಳ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 24,000 ರೂಪಾಯಿ ಇದ್ದರೆ ಐದು ವರ್ಷಕ್ಕೆ ಸುಮಾರು 69,230. ಹೊಸ ಸಂಹಿತೆಯ ವ್ಯಾಖ್ಯೆಯಲ್ಲಿ, ವೇತನದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ ಭಾಗವೂ ವೇತನವೆಂದೇ ಎಣಿಕೆಯಾಗುವುದರಿಂದ ಮೂಲ ವೇತನ ಕಡಿಮೆ ಇಟ್ಟಿರುವ ಕಡೆ ಮೊತ್ತ ಏರಬಹುದು. ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದರೆ ಸಾಕು ಎಂದು ಹಳೆಯ ಕಾಯ್ದೆಯಡಿ ತೀರ್ಪುಗಳು ಬಂದಿವೆ, ಆದರೆ ಎಷ್ಟೋ ಕಂಪನಿಗಳು ಜಗಳವಿಲ್ಲದೆ ಕೊಡುವುದಿಲ್ಲ. ನೋಟಿಸ್ ಅವಧಿ ಸೇವೆಗೆ ಸೇರುತ್ತದೆಂದು ಲೆಕ್ಕ ಹಾಕಿ 4 ವರ್ಷ 10 ತಿಂಗಳಿಗೆ ರಾಜೀನಾಮೆ ಕೊಡುವವರಿದ್ದಾರೆ. ಕಂಪನಿ ‘ನಾಳೆಯಿಂದಲೇ ಬಿಡುಗಡೆ’ ಎಂದರೆ ಲೆಕ್ಕ ಕೆಡುತ್ತದೆ. ಐದು ವರ್ಷ ತುಂಬಿ ನಾಲ್ಕು ದಿನವಾದ ಮೇಲೆ ಪತ್ರ ಕೊಡುವುದು ಸುರಕ್ಷಿತ.

ಇಷ್ಟಾಗಿಯೂ ಎಪ್ಪತ್ತು ಸಾವಿರಕ್ಕಾಗಿ ಆರೋಗ್ಯ ಕೆಡಿಸಿಕೊಳ್ಳಬೇಡಿ. ನಿದ್ದೆ ವಾರಗಟ್ಟಲೆ ಬರುತ್ತಿಲ್ಲ, ಕಾರ್ಖಾನೆಯ ಗೇಟ್ ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ಮಕ್ಕಳ ಮೇಲೆ ರೇಗುತ್ತಿದ್ದೀರಿ ಎಂದಾದರೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಊರಿಗೆ ಬರುವ ಮಾತನ್ನು ಕೆಲಸ ಕೈಯಲ್ಲಿಟ್ಟುಕೊಂಡು ಯೋಚಿಸಿ. ಬೆಳಗಾವಿಯ ಉದ್ಯಮಬಾಗ್, ಮಚ್ಛೆ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಇತ್ತ ಕೊಲ್ಹಾಪುರದ ಶಿರೋಲಿ, ಎಲ್ಲ ಕಡೆ ನಿಮ್ಮ ಅನುಭವಕ್ಕೆ ಬೆಲೆ ಇದೆ. ಸಂಬಳ ಪುಣೆಗಿಂತ ಕಡಿಮೆ ಇರಬಹುದು, ಮೋಶಿಯ ಮನೆಗೆ ಬರುವ ಬಾಡಿಗೆ ಕಂತಿಗೆ ಎಷ್ಟು ಸಾಲುತ್ತದೆ ಎಂದು ಕೂತು ಲೆಕ್ಕ ಹಾಕಿ. ತಳೇಗಾಂವ್, ರಾಂಜಣಗಾಂವ್ ಕಡೆಯೂ ನೋಡಿ. ಎಫ್‌ಎಂಇಎ, ಎಸ್‌ಪಿಸಿ, ಎಂಎಸ್‌ಎ, ಪಿಪಿಎಪಿ ಎಂಬ ಗುಣಮಟ್ಟದ ಕೆಲಸಗಳನ್ನು ಕೈಯಾರೆ ಮಾಡಿದ್ದೀರಿ ಎಂಬುದು ಮತ್ತು ಐಎಟಿಎಫ್ ಆಂತರಿಕ ಆಡಿಟರ್ ಪ್ರಮಾಣಪತ್ರ ನಿಮಗೆ ಬೇರೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಪ್ರಮಾಣಪತ್ರ ಇಲ್ಲದಿದ್ದರೆ ಕಂಪನಿಯ ಖರ್ಚಿನಲ್ಲೇ ಈ ವರ್ಷ ಕೇಳಿ.

ಬಿಡುವಾಗ ನೋಟಿಸ್ ಪೂರ್ತಿ ಮಾಡಿ, ಗೇಜ್, ಲ್ಯಾಪ್‌ಟಾಪ್, ಗುರುತಿನ ಚೀಟಿ ಹಿಂದಿರುಗಿಸಿದ್ದಕ್ಕೆ ಸಹಿ ಪಡೆಯಿರಿ. ಬಾಕಿ ವೇತನ ಎರಡು ಕೆಲಸದ ದಿನಗಳಲ್ಲಿ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಪಿಎಫ್ ತೆಗೆಯಬೇಡಿ, ಅದೇ ಯುಎಎನ್ (ಪಿಎಫ್‌ನ ಕಾಯಂ ಸಂಖ್ಯೆ) ಅಡಿಯಲ್ಲಿ ಹೊಸ ಕಂಪನಿಗೆ ವರ್ಗಾಯಿಸಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. 8ಡಿ ರಿಪೋರ್ಟ್ ಕಂಪನಿಯ ಮತ್ತು ಗ್ರಾಹಕರ ನಡುವಿನ ದಾಖಲೆ, ಹೊಸ ಕಂಪನಿಯ ಕೈಗೆ ಬರುವಂಥದ್ದಲ್ಲ. ಹಿನ್ನೆಲೆ ಪರಿಶೀಲನೆಯಲ್ಲಿ ಸಾಮಾನ್ಯವಾಗಿ ಕೇಳುವುದು ಸೇರಿದ ಮತ್ತು ಬಿಟ್ಟ ದಿನ, ಹುದ್ದೆ, ಸಂಬಳ, ಬಿಟ್ಟ ಕಾರಣ, ಮತ್ತೆ ಸೇರಿಸಿಕೊಳ್ಳುತ್ತೀರಾ ಎಂಬುದು. ಆದರೆ ಚಾಕಣ್ ಚಿಕ್ಕ ಜಗತ್ತು, ಕ್ವಾಲಿಟಿಯವರು ಒಬ್ಬರಿಗೊಬ್ಬರು ಪರಿಚಯ, ಸಂದರ್ಶನದಲ್ಲಿ ಆ ಲಾಟ್ ಬಗ್ಗೆ ಕೇಳಿದರೂ ಕೇಳಬಹುದು. ಆಗ ಸಾಹೇಬರ ಹೆಸರು ಎತ್ತದೆ, ಹೋಲ್ಡ್ ಆದ ಲಾಟ್ ಲಿಖಿತ ಅನುಮತಿ ಇಲ್ಲದೆ ಹೋಗಿತ್ತು, ಟ್ಯಾಗ್ ತೆಗೆದದ್ದು ನಾನೇ, ನಂತರ ಪ್ಲಾಂಟ್ ಹೆಡ್ ಸಹಿ ಮತ್ತು ಗ್ರಾಹಕರ ಅನುಮತಿ ಸಂಖ್ಯೆ ಇಲ್ಲದೆ ಇನ್‌ವಾಯ್ಸ್ ಆಗದ ಬಿಡುಗಡೆ ಫಾರಂ ತರಲು ಪ್ರಸ್ತಾವ ಕೊಟ್ಟೆ ಎಂದು ಹೇಳಿ. ಈ ವಾರ ಆ ಮೇಲ್ ಬರೆದಿದ್ದರೆ ಮಾತ್ರ ಈ ಉತ್ತರ ನಿಮ್ಮ ಬಳಿ ಇರುತ್ತದೆ.